ಹಳ್ಳಿಯ ಆಟದ ಬಯಲು ‘ಖಾಲಿ ಜಾಗ’ವಲ್ಲ

ಕಳೆದ ವರ್ಷ ಗ್ರಾಮದೇವತೆಯ ಹಬ್ಬಕ್ಕೆಂದು ನಮ್ಮೂರಿಗೆ ಹೋಗಿದ್ದೆ. ತುಮಕೂರು ಜಿಲ್ಲೆಯ ಒಂದು ಮೂಲೆಯಲ್ಲಿರುವ, ನೂರಿಪ್ಪತ್ತು ಮನೆಗಳ ಊರು ಅದು. ಬೆಳಿಗ್ಗೆ ಆರು ಗಂಟೆಗೆ ಜಗಲಿಗೆ ಬಂದು ಕುಳಿತಾಗ ಅಣ್ಣನ ಸೊಸೆ ಕೈಯಲ್ಲಿ ಕುಡುಗೋಲು, ಕಂಕುಳಲ್ಲಿ ಖಾಲಿ ಕುಕ್ಕೆ ಹಿಡಿದು ಹೊರಟಿದ್ದಳು. ಅಣ್ಣ ದನಕರುಗಳನ್ನು ಮಾರಿ ಮೂರು ವರ್ಷವಾಗಿದೆ. ‘ಯಾರ ಹಸುವಿಗಮ್ಮ ಹುಲ್ಲು?’ ಎಂದು ಕೇಳಿದೆ. ಆಕೆ ನಕ್ಕು, ‘ಹುಲ್ಲಿಗಲ್ಲ ಮಾವ, ವಾಕಿಂಗಿಗೆ’ ಎಂದಳು.

ಆಕೆಗೆ ನಲವತ್ತೆರಡು ವರ್ಷ. ಹಿಂದಿನ ವರ್ಷ ಆರೋಗ್ಯ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಬೇಕೆಂದು ವೈದ್ಯರು ಹೇಳಿದರು. ‘ಎಲ್ಲಿ ನಡೀಲಿ ಮಾವ? ರಸ್ತೆ ಮೇಲೆ ಟಿಪ್ಪರ್‌ಗಳು ಓಡಾಡ್ತವೆ. ಹೊಲದ ಕಡೆ ಬರಿಗೈಲಿ ಹೋದ್ರೆ, ಇವಳಿಗೇನು ಮನೇಲಿ ಕೆಲಸ ಇಲ್ವಾ ಅಂತಾರೆ. ಕುಡುಗೋಲು ಇದ್ರೆ ಯಾರೂ ಕೇಳಲ್ಲ’ ಎಂದು ವಿವರಿಸಿದಳು. ಬರುವಾಗ ಒಂದು ಹಿಡಿ ಹುಲ್ಲು ಕೊಯ್ದು ತಂದು ಪಕ್ಕದ ಮನೆಯ ಹಸುವಿಗೆ ಹಾಕುತ್ತಾಳಂತೆ. ತನ್ನ ಆರೋಗ್ಯಕ್ಕಾಗಿ ಅರ್ಧ ಗಂಟೆ ನಡೆಯಲು ಹಳ್ಳಿಯ ಹೆಣ್ಣುಮಗಳೊಬ್ಬಳು ಕೆಲಸದ ವೇಷ ಧರಿಸಬೇಕಾಗಿದೆ.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಸೇವೆಯಲ್ಲಿದ್ದು, ಅದರ ಬಹುಭಾಗವನ್ನು ಕಂದಾಯ ಮತ್ತು ಪಂಚಾಯತ್ ರಾಜ್ ಇಲಾಖೆಗಳಲ್ಲಿ ಕಳೆದವನು ನಾನು. ಹಳ್ಳಿಗಳಿಗೆ ಏನು ಬೇಕು ಎಂಬ ಪಟ್ಟಿಗಳನ್ನು ಎಷ್ಟು ಬಾರಿ ತಯಾರಿಸಿದ್ದೇನೆಯೋ ಲೆಕ್ಕವಿಲ್ಲ. ಕುಡಿಯುವ ನೀರು, ರಸ್ತೆ, ಚರಂಡಿ, ಶಾಲಾ ಕೊಠಡಿ, ಬೀದಿದೀಪ. ಆ ಪಟ್ಟಿಗಳಲ್ಲಿ ‘ನಡೆಯಲು ಜಾಗ’ ಎಂಬ ಬಾಬನ್ನು ನಾನೊಮ್ಮೆಯೂ ಬರೆದದ್ದು ನೆನಪಿಲ್ಲ. ಹಳ್ಳಿಯವರಿಗೆ ವ್ಯಾಯಾಮವೆಂಬುದು ಬೇರೆ ಬೇಕೇ, ಅವರ ಬದುಕೇ ವ್ಯಾಯಾಮವಲ್ಲವೇ ಎಂಬ ನಂಬಿಕೆ ನಮ್ಮೆಲ್ಲರದಾಗಿತ್ತು. ನಗರವಾಸಿಗಳಾದ ಓದುಗರಲ್ಲಿ ಬಹಳಷ್ಟು ಮಂದಿ ಈಗಲೂ ಹಾಗೆಯೇ ನಂಬಿರಬಹುದು. ಆ ನಂಬಿಕೆಯ ಕಾಲ ಮುಗಿದಿದೆ ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ನನ್ನ ಬಾಲ್ಯದಲ್ಲಿ ಆ ನಂಬಿಕೆ ನಿಜವಾಗಿತ್ತು. ಮಾಧ್ಯಮಿಕ ಶಾಲೆಗೆ ಮೂರು ಮೈಲಿ ನಡೆದು ಹೋಗುತ್ತಿದ್ದೆವು. ತಾಯಿ ನಸುಕಿನಲ್ಲೆದ್ದು ರಾಗಿ ಬೀಸುತ್ತಿದ್ದಳು, ಬಾವಿಯಿಂದ ನೀರು ಸೇದುತ್ತಿದ್ದಳು, ಸೌದೆ ಹೊರುತ್ತಿದ್ದಳು. ಅಪ್ಪ ಉಳುತ್ತಿದ್ದ, ಗುದ್ದಲಿ ಹಿಡಿಯುತ್ತಿದ್ದ, ಸುಗ್ಗಿಯಲ್ಲಿ ಕಣದ ಸುತ್ತ ದಿನವಿಡೀ ಸುತ್ತುತ್ತಿದ್ದ. ಇದನ್ನೆಲ್ಲ ಹೊಗಳುವ ಹಂಬಲ ನನಗಿಲ್ಲ. ತಾಯಿಯ ಬೆನ್ನು ಐವತ್ತಕ್ಕೇ ಬಾಗಿಹೋಗಿತ್ತು. ಬೀಸುವ ಕಲ್ಲು ಮರಳಿ ಬರಲಿ ಎಂದು ಹಾರೈಸುವವರು ಅದನ್ನು ಒಂದು ತಿಂಗಳು ತಿರುವಿ ನೋಡಬೇಕು. ಕೊಳವೆಬಾವಿ, ನಲ್ಲಿ ನೀರು, ಹಿಟ್ಟಿನ ಗಿರಣಿ, ಗ್ಯಾಸ್ ಒಲೆ, ಟ್ರ್ಯಾಕ್ಟರ್, ಒಕ್ಕಣೆ ಯಂತ್ರ, ಮೋಟಾರ್ ಸೈಕಲ್ – ಇವೆಲ್ಲ ಹಳ್ಳಿಗೆ ಬಂದದ್ದು ಒಳ್ಳೆಯದೇ. ಅವುಗಳಲ್ಲಿ ಕೆಲವನ್ನು ತಲುಪಿಸುವ ಕೆಲಸದಲ್ಲಿ ನಾನೂ ಭಾಗಿಯಾಗಿದ್ದೆ ಎಂಬ ಸಮಾಧಾನ ಇಂದಿಗೂ ಇದೆ.

ಆದರೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಹೊಳೆಯಬೇಕಾಗಿದ್ದ ಒಂದು ಸರಳ ಸಂಗತಿ ನನಗೆ ಹೊಳೆಯಲಿಲ್ಲ. ಹಳ್ಳಿಯಲ್ಲಿ ದೇಹದ ಚಟುವಟಿಕೆ ಎಂಬುದು ದುಡಿಮೆಯ ಉಪ ಉತ್ಪನ್ನವಾಗಿತ್ತು. ಆಲೆಮನೆಯಲ್ಲಿ ಬೆಲ್ಲದ ಜೊತೆಗೆ ಕಬ್ಬಿನ ಸಿಪ್ಪೆ ದೊರೆಯುವಂತೆ, ರಾಗಿ ಹಿಟ್ಟಿನ ಜೊತೆಗೆ ತೋಳಿನ ಬಲವೂ ದೊರೆಯುತ್ತಿತ್ತು. ಅದಕ್ಕೆ ಬೇರೆ ಖರ್ಚಿರಲಿಲ್ಲ, ಬೇರೆ ಜಾಗ ಬೇಕಿರಲಿಲ್ಲ, ಬೇರೆ ಹೊತ್ತು ಬೇಕಿರಲಿಲ್ಲ. ಉತ್ಪಾದನೆಯ ವಿಧಾನ ಬದಲಾದಾಗ ಉಪ ಉತ್ಪನ್ನ ತಾನಾಗಿಯೇ ನಿಂತುಹೋಗುತ್ತದೆ. ಅದು ಬೆಲೆಯುಳ್ಳದ್ದಾಗಿದ್ದರೆ ಅದನ್ನು ಪ್ರತ್ಯೇಕವಾಗಿ ಉತ್ಪಾದಿಸಬೇಕು. ಆಗ ಅದಕ್ಕೆ ಜಾಗ, ಹೊತ್ತು, ಹಣ ಮೂರೂ ಬೇಕಾಗುತ್ತವೆ. ನಗರದ ಮಧ್ಯಮ ವರ್ಗ ಈ ಸ್ಥಿತ್ಯಂತರವನ್ನು ಎರಡು ತಲೆಮಾರು ಮೊದಲೇ ದಾಟಿತು. ಅದಕ್ಕಾಗಿ ಉದ್ಯಾನಗಳು, ಈಜುಕೊಳಗಳು, ನಡಿಗೆಯ ಪಥಗಳು ಹುಟ್ಟಿಕೊಂಡವು. ಹಳ್ಳಿ ಈಗ ಅದೇ ಸ್ಥಿತ್ಯಂತರದಲ್ಲಿದೆ, ಆದರೆ ಅಲ್ಲಿ ಏನೂ ಹುಟ್ಟಿಕೊಂಡಿಲ್ಲ.

ಇದು ಒಂದು ಊರಿನ ಕಥೆ ಮಾತ್ರವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಮಧುಮೇಹ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಗರಗಳ ವಯಸ್ಕರಲ್ಲಿ ಶೇ 16.4ರಷ್ಟು ಮಂದಿಗೆ, ಗ್ರಾಮಗಳ ವಯಸ್ಕರಲ್ಲಿ ಶೇ 8.9ರಷ್ಟು ಮಂದಿಗೆ ಮಧುಮೇಹವಿದೆ. ಹಳ್ಳಿ ಇನ್ನೂ ಸುರಕ್ಷಿತವೆಂದು ಇಲ್ಲಿಗೇ ನಿಲ್ಲಿಸುವವರು ಮುಂದಿನ ಸಾಲನ್ನೂ ಓದಬೇಕು. ಮಧುಮೇಹದ ಹೊಸ್ತಿಲಲ್ಲಿ ನಿಂತಿರುವವರ ಪ್ರಮಾಣ ನಗರದಲ್ಲಿ ಶೇ 15.4, ಹಳ್ಳಿಯಲ್ಲಿ ಶೇ 15.2. ಹೊಸ್ತಿಲಿನಲ್ಲಿ ನಗರ–ಹಳ್ಳಿಗಳ ಅಂತರ ಅಳಿಸಿಹೋಗಿದೆ. ಇಂದಿನ ಅಂತರವನ್ನು ನೋಡಿ ನೆಮ್ಮದಿಪಡುವುದು, ಬತ್ತುತ್ತಿರುವ ಕೆರೆಯ ನೀರಿನ ಮಟ್ಟವನ್ನಷ್ಟೇ ನೋಡಿ ನೆಮ್ಮದಿಪಟ್ಟಂತೆ.

ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕಳವಳಕಾರಿ. ವಯಸ್ಕನೊಬ್ಬ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ತೀವ್ರತೆಯ ಚಟುವಟಿಕೆಯಲ್ಲಿ ಅಥವಾ 75 ನಿಮಿಷ ತೀವ್ರ ಚಟುವಟಿಕೆಯಲ್ಲಿ ತೊಡಗಬೇಕೆಂಬುದು ಅವರ ಅಳತೆಗೋಲು. ಆ ಮಟ್ಟವನ್ನು ತಲುಪದ ಭಾರತೀಯ ವಯಸ್ಕರ ಪ್ರಮಾಣ 2000ದಲ್ಲಿ ಶೇ 22.3ರಷ್ಟಿದ್ದದ್ದು 2022ರ ಹೊತ್ತಿಗೆ ಶೇ 49.4ಕ್ಕೆ ಏರಿದೆ ಎಂಬುದು ಅವರ ಅಂದಾಜು. ಮಹಿಳೆಯರಲ್ಲಿ ಇದು ಶೇ 57, ಪುರುಷರಲ್ಲಿ ಶೇ 42. ಇದಕ್ಕೂ ಹತ್ತು ವರ್ಷ ಹಿಂದೆ, 2014ರಲ್ಲಿ, ಮೇಲೆ ಹೇಳಿದ ಮಧುಮೇಹ ಸಮೀಕ್ಷೆಯ ತಂಡವು ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್ ಮತ್ತು ಚಂಡೀಗಡಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಗ್ರಾಮೀಣ ವಯಸ್ಕರ ಅರ್ಧದಷ್ಟು ಜನರನ್ನು ನಿಷ್ಕ್ರಿಯರೆಂದು ಗುರುತಿಸಲಾಗಿತ್ತು. ಬಿಡುವಿನ ವೇಳೆಯಲ್ಲಿ ಆಟ, ನಡಿಗೆ ಮುಂತಾದ ಚಟುವಟಿಕೆಯಲ್ಲಿ ತೊಡಗುವವರು ಒಟ್ಟಾರೆ ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಹಳ್ಳಿಯಲ್ಲಿ ದುಡಿಮೆ ತಗ್ಗಿದೆ, ಅದರ ಸ್ಥಾನವನ್ನು ಬಿಡುವಿನ ಚಟುವಟಿಕೆ ತುಂಬಿಲ್ಲ.

ಏಕೆ ತುಂಬಿಲ್ಲ? ಜನರಲ್ಲಿ ಅರಿವಿಲ್ಲ ಎಂಬುದು ನಮ್ಮ ಸಿದ್ಧ ಉತ್ತರ. ಅರಿವಿನ ಕೊರತೆಯಾಗಿದ್ದರೆ ನಮ್ಮ ಮನೆಯ ಸೊಸೆ ಕುಡುಗೋಲು ಹಿಡಿದು ಹೊರಡುತ್ತಿರಲಿಲ್ಲ. ಕೊರತೆ ಇರುವುದು ನಮ್ಮ ಆಡಳಿತದ ಕಲ್ಪನೆಯಲ್ಲಿ. ಅದರ ಗುರುತು ಸಂವಿಧಾನದ ಪುಟಗಳಲ್ಲಿಯೇ ಸಿಗುತ್ತದೆ. ಪಂಚಾಯಿತಿಗಳಿಗೆ ಸಂಬಂಧಿಸಿದ 73ನೇ ತಿದ್ದುಪಡಿ ಮತ್ತು ನಗರ ಸ್ಥಳೀಯ ಸಂಸ್ಥೆಗಳಿಗೆ ಸಂಬಂಧಿಸಿದ 74ನೇ ತಿದ್ದುಪಡಿ ಅವಳಿಗಳಂತೆ ಹುಟ್ಟಿ 1993ರಲ್ಲಿ ಜಾರಿಗೆ ಬಂದವು. ನಗರಸಭೆಗಳ ಕೆಲಸಗಳನ್ನು ಹೇಳುವ ಹನ್ನೆರಡನೇ ಅನುಸೂಚಿಯಲ್ಲಿ ಒಟ್ಟು 18 ವಿಷಯಗಳಿವೆ. ಅವುಗಳಲ್ಲಿ ಹನ್ನೆರಡನೆಯದು ಉದ್ಯಾನ, ತೋಟ ಮತ್ತು ಆಟದ ಮೈದಾನಗಳಂಥ ಸೌಕರ್ಯಗಳನ್ನು ಒದಗಿಸುವುದು. ಪಂಚಾಯಿತಿಗಳ ಕೆಲಸಗಳನ್ನು ಹೇಳುವ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಮೀನುಗಾರಿಕೆ ಇದೆ, ಮೇವು ಇದೆ, ಸಂತೆ–ಜಾತ್ರೆ ಇದೆ, ಗ್ರಂಥಾಲಯವೂ ಇದೆ. ಆಟದ ಮೈದಾನವಿಲ್ಲ. ಆಟಪಾಟ, ವಿಹಾರಗಳು ನಗರದ ಸೌಕರ್ಯ, ಹಳ್ಳಿಗೆ ಮೇವು ಸಾಕು ಎಂದು ಯಾರೂ ದುರುದ್ದೇಶದಿಂದ ಬರೆದದ್ದಲ್ಲ. ಅಂದಿನ ಹಳ್ಳಿಯನ್ನು ಕಂಡವರು ಅಂದಿನ ನಂಬಿಕೆಯಂತೆ ಬರೆದರು. ಆದರೆ ಸರ್ಕಾರದಲ್ಲಿ ಪಟ್ಟಿಯಲ್ಲಿರುವುದಕ್ಕೆ ಲೆಕ್ಕಶೀರ್ಷಿಕೆ ಹುಟ್ಟುತ್ತದೆ, ಲೆಕ್ಕಶೀರ್ಷಿಕೆಗೆ ಅನುದಾನ ಬರುತ್ತದೆ, ಅನುದಾನಕ್ಕೆ ಒಬ್ಬ ಅಧಿಕಾರಿ ಉತ್ತರದಾಯಿಯಾಗುತ್ತಾನೆ. ಪಟ್ಟಿಯಲ್ಲಿಲ್ಲದ್ದು ಯಾರ ಕೆಲಸವೂ ಅಲ್ಲ.

ಗ್ರಂಥಾಲಯವನ್ನೇ ನೋಡಿ. ಅದು ಪಟ್ಟಿಯಲ್ಲಿದ್ದ ಕಾರಣ ಕರ್ನಾಟಕ ಸರ್ಕಾರ 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ತಂದಿತು. ಮುಂದಿನ ವರ್ಷಗಳಲ್ಲಿ ಅವು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿ, ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಹೊಸ ಜೀವ ಪಡೆದವು. ಹಳ್ಳಿಯ ಮಗುವಿಗೆ ಓದಲು ಒಂದು ಜಾಗ ಬೇಕೆಂದು ಒಪ್ಪಿದ ಸರ್ಕಾರಕ್ಕೆ, ಓಡಲು ಒಂದು ಜಾಗ ಬೇಕೆಂದು ಒಪ್ಪುವುದು ಕಷ್ಟವಾಗಬಾರದು.

ಹಿಂದೆ ಒಮ್ಮೆ ಒಪ್ಪಿದ್ದೂ ಉಂಟು. ಕೇಂದ್ರ ಸರ್ಕಾರ 2008–09ರಲ್ಲಿ ‘ಪಂಚಾಯತ್ ಯುವ ಕ್ರೀಡಾ ಔರ್ ಖೇಲ್ ಅಭಿಯಾನ’ ಎಂಬ ಯೋಜನೆಯನ್ನು ಆರಂಭಿಸಿತು. ಹತ್ತು ವರ್ಷಗಳಲ್ಲಿ ದೇಶದ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಆಟದ ಮೈದಾನ ಎಂಬುದು ಅದರ ಗುರಿ. ಪಂಚಾಯಿತಿಯೊಂದಕ್ಕೆ ಒಂದು ಬಾರಿಗೆ ಒಂದು ಲಕ್ಷ ರೂಪಾಯಿ, ಮೈದಾನ ನೋಡಿಕೊಂಡು ಆಟ ಆಡಿಸುವ ‘ಕ್ರೀಡಾಶ್ರೀ’ ಎಂಬ ಊರಿನದೇ ಸ್ವಯಂಸೇವಕನಿಗೆ ತಿಂಗಳಿಗೆ 500 ರೂಪಾಯಿ ಗೌರವಧನ. ಮೊತ್ತ ಸಣ್ಣದಾದರೂ ಕಲ್ಪನೆ ಸರಿಯಾಗಿತ್ತು. ಊರಿಗೊಂದು ಜಾಗ, ಜಾಗಕ್ಕೊಬ್ಬ ಮನುಷ್ಯ. 2014ರಲ್ಲಿ ಅದರ ಸ್ಥಾನದಲ್ಲಿ ‘ರಾಜೀವ್ ಗಾಂಧಿ ಖೇಲ್ ಅಭಿಯಾನ’ ಬಂದಾಗ ದೃಷ್ಟಿ ಊರಿನಿಂದ ತಾಲ್ಲೂಕು ಮಟ್ಟದ ಕ್ರೀಡಾ ಸಂಕೀರ್ಣದತ್ತ ಹೊರಳಿತು. ನಂತರ ಅದೂ ‘ಖೇಲೋ ಇಂಡಿಯಾ’ದಲ್ಲಿ ಸೇರಿಹೋಗಿ, ಒತ್ತು ಪ್ರತಿಭಾನ್ವೇಷಣೆ, ಕ್ರೀಡಾಕೂಟ ಮತ್ತು ಪದಕಗಳತ್ತ ಸಾಗಿತು. ಊರಿನ ಮೈದಾನದಿಂದ ಹೊರಟ ಯೋಜನೆ ಎಂಟೇ ವರ್ಷಗಳಲ್ಲಿ ಕ್ರೀಡಾಂಗಣದ ವಿಜಯವೇದಿಕೆಯನ್ನು ತಲುಪಿತು. ದಾರಿಯಲ್ಲಿ ಊರು ಕಳೆದುಹೋಯಿತು.

ಪದಕಗಳ ವಿರುದ್ಧ ನನ್ನ ತಕರಾರಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ–ಖೊ ವಿಶ್ವಕಪ್‌ನಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದಾಗ, ಆ ತಂಡಗಳಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ ಇದ್ದದ್ದು ನಮಗೆಲ್ಲ ಹೆಮ್ಮೆಯ ಸಂಗತಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಹಳ್ಳಿಯ ಮಣ್ಣಿನಿಂದ ಅಂಥವರು ಮೂಡಿಬರುವುದು ಅಲ್ಲಿ ನೂರಾರು ಮಕ್ಕಳು ಆಡುವ ಬಯಲು ಇದ್ದಾಗ. ಆದರೆ ನಾನು ಇಲ್ಲಿ ಹೇಳುತ್ತಿರುವುದು ಗೆಲ್ಲುವ ಒಬ್ಬಳ ಮಾತನ್ನಲ್ಲ, ಎಂದೂ ಯಾವ ತಂಡಕ್ಕೂ ಆಯ್ಕೆಯಾಗದ ತೊಂಬತ್ತೊಂಬತ್ತು ಮಂದಿಯ ಮಾತನ್ನು. ಕ್ರೀಡಾ ಇಲಾಖೆಗೆ ಅವರು ಕ್ರೀಡಾಪಟುಗಳಲ್ಲ, ಆರೋಗ್ಯ ಇಲಾಖೆಗೆ ಅವರು ಇನ್ನೂ ರೋಗಿಗಳಲ್ಲ. ರೋಗಿಗಳಾದ ಮೇಲೆ ನಮ್ಮ ವ್ಯವಸ್ಥೆ ಚುರುಕಾಗುತ್ತದೆ. ಕೋಲಾರ ಜಿಲ್ಲೆಯಲ್ಲಿ 2024ರಲ್ಲಿ ಆರಂಭವಾಗಿ ಬಳಿಕ ವಿಸ್ತರಣೆಗೊಂಡ ‘ಗೃಹ ಆರೋಗ್ಯ’ ಯೋಜನೆಯಡಿ ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಿ ರಕ್ತದೊತ್ತಡ, ಮಧುಮೇಹ ಪರೀಕ್ಷಿಸುತ್ತಾರೆ. ಇದು ಮೆಚ್ಚಬೇಕಾದ ಕೆಲಸ. ಆದರೆ ಮಾತ್ರೆಯನ್ನು ಮನೆಬಾಗಿಲಿಗೆ ತಲುಪಿಸುವ ಸರ್ಕಾರ, ಆ ಮಾತ್ರೆಯ ಅಗತ್ಯವನ್ನು ಮುಂದೂಡಬಲ್ಲ ಅರ್ಧ ಎಕರೆಯನ್ನು ಊರಿನಲ್ಲಿ ಉಳಿಸಿಕೊಳ್ಳಲಾಗದಿದ್ದರೆ ಅದು ದುಬಾರಿ ಲೆಕ್ಕ.

ಆ ಅರ್ಧ ಎಕರೆ ಹೇಗೆ ಕೈಬಿಡುತ್ತದೆ ಎಂಬುದನ್ನು ನಾನು ಒಳಗಿನಿಂದ ಬಲ್ಲೆ. 1998ರಲ್ಲಿ ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ಒಂದು ಕಡತ ಬಂತು. ಸಣ್ಣ ಊರೊಂದರ ಪಕ್ಕದ ಸರ್ಕಾರಿ ಜಮೀನಿನಲ್ಲಿ ಮೂವತ್ತು ಗುಂಟೆಯನ್ನು ಸಮುದಾಯ ಭವನಕ್ಕೆ ಕಾಯ್ದಿರಿಸುವ ಪ್ರಸ್ತಾವನೆ ಅದು. ಸ್ಥಳ ತನಿಖೆಗೆ ಹೋದೆ. ಸಂಜೆ ಐದರ ಹೊತ್ತು. ಇಪ್ಪತ್ತು ಇಪ್ಪತ್ತೈದು ಹುಡುಗರು ಕಬಡ್ಡಿ ಆಡುತ್ತಿದ್ದರು. ಒಂದು ಬದಿಯಲ್ಲಿ ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ನಮ್ಮ ಜೀಪು ಬಂದಾಗ ಆಟ ನಿಲ್ಲಿಸಿ ಬದಿಗೆ ಸರಿದು ನಿಂತರು. ಅಳತೆ ಮುಗಿಸಿ, ಎಳನೀರು ಕುಡಿದು ಬಂದೆವು. ಮರುದಿನ ಕಡತದಲ್ಲಿ ನಾನು ಬರೆದ ಟಿಪ್ಪಣಿ ಹೀಗಿತ್ತು: ‘ಪ್ರಸ್ತಾಪಿತ ಸ್ಥಳವು ಖಾಲಿ ಇದ್ದು, ಯಾವುದೇ ಸಾರ್ವಜನಿಕ ಉಪಯೋಗದಲ್ಲಿ ಇರುವುದಿಲ್ಲ.’

ನಾನು ಸುಳ್ಳು ಬರೆಯಲಿಲ್ಲ. ಕಂದಾಯ ದಾಖಲೆಯ ಭಾಷೆಯಲ್ಲಿ ಅದು ನಿಜವೇ ಆಗಿತ್ತು. ಕಟ್ಟಡವಿಲ್ಲ, ಬೆಳೆಯಿಲ್ಲ, ಒತ್ತುವರಿಯಿಲ್ಲ, ಆದ್ದರಿಂದ ಖಾಲಿ. ಕೆಟ್ಟ ಉದ್ದೇಶವೂ ಇರಲಿಲ್ಲ. ಊರಿನ ಹಿರಿಯರೇ ಭವನ ಬೇಕೆಂದು ಅರ್ಜಿ ಕೊಟ್ಟಿದ್ದರು. ಮಕ್ಕಳು ಅರ್ಜಿ ಕೊಟ್ಟಿರಲಿಲ್ಲ. ಹಲವು ವರ್ಷಗಳ ನಂತರ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಭವನಕ್ಕೆ ಬೀಗ ಹಾಕಿತ್ತು. ವರ್ಷಕ್ಕೆ ಹದಿನೈದು ಇಪ್ಪತ್ತು ಮದುವೆ ನಡೆಯುತ್ತವೆ ಎಂದರು. ಹುಡುಗರು ಬಸ್ ನಿಲ್ದಾಣದ ಕಟ್ಟೆಯ ಮೇಲೆ ಸಾಲಾಗಿ ಕುಳಿತಿದ್ದರು. ಹೆಣ್ಣುಮಕ್ಕಳು ಎಲ್ಲೂ ಕಾಣಲಿಲ್ಲ. ಇಂಥ ಎಷ್ಟು ಕಡತಗಳಿಗೆ ಎಷ್ಟು ಅಧಿಕಾರಿಗಳು ಇದೇ ವಾಕ್ಯ ಬರೆದಿರಬಹುದು ಎಂದು ಆಗ ಯೋಚಿಸಿದೆ. ಹಾಲಿನ ಡೇರಿ, ನೀರಿನ ಟ್ಯಾಂಕು, ಇಲಾಖೆಯ ಕಚೇರಿ, ಭವನ – ಪ್ರತಿಯೊಂದೂ ಅಗತ್ಯವೇ. ಪ್ರತಿಯೊಂದಕ್ಕೂ ಜಾಗ ಬೇಕಾದಾಗ ಕಣ್ಣಿಗೆ ಬೀಳುವುದು ಮಕ್ಕಳು ಆಡುವ ಬಯಲು. ಏಕೆಂದರೆ ಅದೊಂದೇ ಯಾವ ಇಲಾಖೆಗೂ ಸೇರಿರುವುದಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳಿವೆ. ಎರಡೂ ತೂಕದವು. ಮೊದಲನೆಯದು, ಹಳ್ಳಿಯಲ್ಲಿ ಈಗಲೂ ಬೆನ್ನು ಬಗ್ಗಿಸಿ ದುಡಿಯುವವರಿದ್ದಾರೆ, ಅವರಿಗೆ ವ್ಯಾಯಾಮವಲ್ಲ ವಿಶ್ರಾಂತಿ ಮತ್ತು ಹೊಟ್ಟೆತುಂಬ ಊಟ ಬೇಕು ಎಂಬುದು. ಇದು ಸಂಪೂರ್ಣ ಸತ್ಯ. ದಿನವಿಡೀ ನಾಟಿ ಮಾಡಿ ಬಂದ ಕೂಲಿ ಹೆಣ್ಣುಮಗಳಿಗೆ ನಡಿಗೆಯ ಉಪದೇಶ ಮಾಡುವುದು ಕ್ರೌರ್ಯ. ಆದರೆ ಹಳ್ಳಿ ಎಂಬುದು ಒಂದೇ ದೇಹವಲ್ಲ. ಅಲ್ಲಿ ಅತಿಯಾಗಿ ದುಡಿದು ಸವೆದ ದೇಹವೂ ಇದೆ, ಅಂಗಡಿಯಲ್ಲಿ ಕುಳಿತ ದೇಹವೂ ಇದೆ, ಆಟೊ ಓಡಿಸುವ, ಮೊಬೈಲ್ ಹಿಡಿದು ಕುಳಿತಿರುವ, ಶಾಲೆಗೆ ವ್ಯಾನಿನಲ್ಲಿ ಹೋಗಿಬರುವ ದೇಹಗಳೂ ಇವೆ. ಮಳೆಯಾಶ್ರಿತ ಪ್ರದೇಶಗಳಲ್ಲಿ ದುಡಿಯುವ ದೇಹಕ್ಕೂ ವರ್ಷದಲ್ಲಿ ಕೆಲವೇ ತಿಂಗಳು ಕೆಲಸ. ಕೂಲಿಯವಳಿಗೆ ಸಹ ಮೈದಾನ ಬೇಕು, ಅವಳಿಗಾಗಿ ಅಲ್ಲದಿದ್ದರೆ ಅವಳ ಮಕ್ಕಳಿಗಾಗಿ. ಎರಡೆಕರೆ ತೋಟವಿರುವವನ ಮಗ ಅಲ್ಲಿಯಾದರೂ ಓಡಾಡಿಕೊಳ್ಳುತ್ತಾನೆ. ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿಕೊಂಡವರ ಮಕ್ಕಳಿಗೆ ಸಾರ್ವಜನಿಕ ಬಯಲನ್ನು ಬಿಟ್ಟರೆ ಬೇರೆ ನೆಲವಿಲ್ಲ.

ಎರಡನೆಯ ಆಕ್ಷೇಪ, ಮೈದಾನ ಮಾಡಿದರೂ ಅದು ಊರಿನ ಕೆಲವು ಹುಡುಗರ ಸ್ವತ್ತಾಗುತ್ತದೆ ಎಂಬುದು. ನಮ್ಮ ಹಳೆಯ ಗರಡಿಮನೆಗಳ ಬಗ್ಗೆ ಅಭಿಮಾನದಿಂದ ಮಾತನಾಡುವಾಗ, ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ, ಎಲ್ಲ ಕೇರಿಯವರಿಗೂ ಮುಕ್ತವಾಗಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಊರ ಬಯಲಿನಲ್ಲಿಯೂ ಅಘೋಷಿತ ಗಡಿಗಳಿವೆ. ಇದಕ್ಕೆ ಪರಿಹಾರ ಮೈದಾನವನ್ನು ಕೈಬಿಡುವುದಲ್ಲ. ಅದನ್ನು ಯಾವ ಜಾತಿಯ ಕೇರಿಯ ಒಡೆತನಕ್ಕೂ ಸೇರದ ಜಾಗದಲ್ಲಿ, ಪಂಚಾಯಿತಿಯ ಹೆಸರಿನಲ್ಲಿ, ಹೊತ್ತಿನ ಹಂಚಿಕೆಯೊಂದಿಗೆ ಮಾಡುವುದು. ಹೆಣ್ಣುಮಕ್ಕಳಿಗೆ ಮುಖ್ಯವಾಗಿ ಬೇಕಾದದ್ದು ಈ ಹೊತ್ತು. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿರುವ ಮಹಿಳೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ವ್ಯಯಿಸುತ್ತಾಳೆ, ಅಂಥ ಕೆಲಸ ಮಾಡುವ ಪುರುಷ 88 ನಿಮಿಷ. ಇಷ್ಟು ಕೆಲಸದ ನಡುವೆಯೂ ‘ಕೆಲಸವಿಲ್ಲದವಳು’ ಎನಿಸಿಕೊಳ್ಳುವ ಭಯದಲ್ಲಿ ಆಕೆ ಕುಡುಗೋಲು ಹಿಡಿಯುತ್ತಾಳೆ.

ಈ ಭಯವನ್ನು ಕಳೆಯುವುದು ಅಸಾಧ್ಯವಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ, 2000–01ರಲ್ಲಿ, ಸ್ತ್ರೀಶಕ್ತಿ ಸಂಘಗಳು ಆರಂಭವಾದಾಗ ವಾರಕ್ಕೊಮ್ಮೆ ಸಭೆಗೆ ಹೋಗುವ ಹೆಂಗಸರನ್ನೂ ಊರು ಹೀಗೆಯೇ ನೋಡಿತ್ತು. ಉಳಿತಾಯದ ಪುಸ್ತಕ ಕೈಯಲ್ಲಿದ್ದ ಕಾರಣ ಮನೆಯಿಂದ ಹೊರಬರಲು ಅವರಿಗೆ ಒಪ್ಪಿಗೆ ಸಿಕ್ಕಿತು. ಕ್ರಮೇಣ ಸಭೆಗೆ ಹೋಗುವುದು ಸಹಜವಾಯಿತು. ಒಬ್ಬಳು ನಡೆದರೆ ಅದು ಮಾತಿಗೆ ವಸ್ತು, ಹದಿನೈದು ಮಂದಿ ಒಟ್ಟಿಗೆ ನಡೆದರೆ ಅದು ಊರಿನ ರೂಢಿ.

ಹಾಗಾದರೆ ಏನು ಮಾಡಬೇಕು? ಹೊಸ ಅಭಿಯಾನ, ಹೊಸ ಲಾಂಛನಗಳನ್ನು ನಾನು ಕೇಳುತ್ತಿಲ್ಲ. ಇರುವ ಕಾನೂನು, ಇರುವ ಜಾಗ, ಇರುವ ಜನರಿಂದಲೇ ಆಗಬಹುದಾದ ಕೆಲವು ಕೆಲಸಗಳಿವೆ.

ಮೊದಲನೆಯದು ದಾಖಲೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 71ನೇ ಪ್ರಕರಣದಂತೆ ಸರ್ಕಾರಿ ಜಮೀನನ್ನು ಗೋಮಾಳಕ್ಕೆ ಅಥವಾ ಇತರ ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬಹುದು. ಒಮ್ಮೆ ಕಾಯ್ದಿರಿಸಿದರೆ ಜಿಲ್ಲಾಧಿಕಾರಿಯ ಮಂಜೂರಾತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ 27 ಸಾವಿರಕ್ಕೂ ಹೆಚ್ಚು ಜನವಸತಿ ಗ್ರಾಮಗಳಿವೆ. ಸರ್ಕಾರಿ ಜಮೀನು ಉಳಿದಿರುವ ಪ್ರತಿ ಊರಿನಲ್ಲಿಯೂ ಈಗಾಗಲೇ ಆಟಕ್ಕೆ ಬಳಕೆಯಾಗುತ್ತಿರುವ ಬಯಲನ್ನು ಗುರುತಿಸಿ, ಪಹಣಿಯಲ್ಲಿ ‘ಆಟದ ಮೈದಾನ’ ಎಂದು ನಮೂದಿಸಲಿ. ಇದಕ್ಕೆ ಕಾಂಕ್ರೀಟು ಬೇಡ, ಕಮಾನು ಬೇಡ, ಒಂದು ಆದೇಶ ಸಾಕು. ಆಗ ಮುಂದಿನ ಉಪವಿಭಾಗಾಧಿಕಾರಿ ಆ ಜಾಗವನ್ನು ಖಾಲಿ ಎಂದು ಬರೆಯಲಾರ.

ಎರಡನೆಯದು ಶಾಲೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದು ವಿಧಿಸುತ್ತದೆ. ಆದರೆ ಅದೇ ಅನುಸೂಚಿ, ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕೂ ಹೆಚ್ಚು ಮಕ್ಕಳಿದ್ದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಕಡ್ಡಾಯಗೊಳಿಸುತ್ತದೆ. ಸಣ್ಣ ಊರು ಸಣ್ಣದಾಗಿರುವ ಕಾರಣಕ್ಕೇ ಈ ಸೌಲಭ್ಯದಿಂದ ಹೊರಗುಳಿಯುತ್ತದೆ. ನಾಲ್ಕೈದು ಶಾಲೆಗಳನ್ನು ಒಟ್ಟು ಸೇರಿಸಿ ಗ್ರಾಮ ಪಂಚಾಯಿತಿಗೊಬ್ಬ ಬೋಧಕರನ್ನು ನೇಮಿಸಿದರೆ ಅವರು ಸರದಿಯಂತೆ ಎಲ್ಲ ಊರಿಗೂ ಹೋಗಬಹುದು. ಶಾಲೆ ಬಿಟ್ಟ ನಂತರ ಅದರ ಅಂಗಳಕ್ಕೆ ಬೀಗ ಹಾಕುವ ಪದ್ಧತಿಯೂ ಹೋಗಬೇಕು. ಶಾಲಾಭಿವೃದ್ಧಿ ಸಮಿತಿಯ ಹೊಣೆಯಲ್ಲಿ ಸಂಜೆ ಒಂದು ಗಂಟೆ ಹೆಣ್ಣುಮಕ್ಕಳಿಗೆ, ಒಂದು ಗಂಟೆ ಇತರರಿಗೆ ಅದನ್ನು ತೆರೆದಿಡುವುದಕ್ಕೆ ಸರ್ಕಾರಕ್ಕೆ ತಗಲುವ ಖರ್ಚು ಒಂದು ದೀಪದ್ದು ಮಾತ್ರ.

ಮೂರನೆಯದು ರಸ್ತೆ. ಊರಿನ ರಸ್ತೆಗಳನ್ನು ಅಗಲಗೊಳಿಸುವಾಗ ನಾವು ಅಳೆಯುವುದು ವಾಹನದ ಅಗಲವನ್ನು. ಎತ್ತಿನ ಗಾಡಿಯ ಕಾಲದಲ್ಲಿ ಪಕ್ಕದಲ್ಲಿ ಸವೆದಿದ್ದ ಕಾಲುದಾರಿ ಡಾಂಬರಿನ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಊರಿನಿಂದ ಎರಡೂ ಕಡೆ ಒಂದು ಕಿಲೊಮೀಟರ್‌ನಷ್ಟು ದೂರ, ರಸ್ತೆಯ ಒಂದು ಬದಿಯಲ್ಲಾದರೂ ಆರಡಿ ಅಗಲದ ಗಟ್ಟಿ ಮಣ್ಣಿನ ದಾರಿ ಬಿಡುವುದನ್ನು ಗ್ರಾಮೀಣ ರಸ್ತೆಗಳ ಅಂದಾಜು ಪಟ್ಟಿಯಲ್ಲಿಯೇ ಸೇರಿಸಬೇಕು. ಕೆರೆ ಏರಿಯ ಜಾಲಿ ಸವರಿಸಿದರೆ ಅದೇ ಊರಿನ ಅತ್ಯುತ್ತಮ ನಡಿಗೆಯ ಪಥ. ಎಂಟನೇ ತರಗತಿಯ ಮಕ್ಕಳಿಗೆ 2006–07ರಿಂದ ನೀಡುತ್ತಿದ್ದ ಉಚಿತ ಬೈಸಿಕಲ್ ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಅದನ್ನು ಕೇವಲ ಶಾಲೆ ತಲುಪುವ ಸಾಧನವೆಂದು ನಾವು ಲೆಕ್ಕ ಹಾಕಿದೆವು. ಹದಿಮೂರರ ಹುಡುಗಿಗೆ ದಿನವೂ ಒಂದು ಗಂಟೆ ತನ್ನ ದೇಹವನ್ನು ತಾನೇ ನಡೆಸಿಕೊಂಡು ಹೋಗುವ ಸ್ವಾತಂತ್ರ್ಯ ಅದಾಗಿತ್ತು. ಆ ಬಾಬನ್ನೂ ಲೆಕ್ಕಕ್ಕೆ ಸೇರಿಸಬೇಕು.

ನಾಲ್ಕನೆಯದು ಹಣ. 2005ರ ಉದ್ಯೋಗ ಖಾತರಿ ಕಾಯ್ದೆಯ ಕಾಮಗಾರಿಗಳ ಪಟ್ಟಿಯಲ್ಲಿ ಆಟದ ಮೈದಾನಕ್ಕೆ ಅವಕಾಶವಿತ್ತು, ನಮ್ಮ ಹಲವು ಪಂಚಾಯಿತಿಗಳು ಅದನ್ನು ಬಳಸಿಕೊಂಡು ಶಾಲಾ ಅಂಗಳಗಳನ್ನು ಸಮತಟ್ಟು ಮಾಡಿಸಿಕೊಂಡವು. ಗ್ರಾಮೀಣ ಉದ್ಯೋಗದ ಯೋಜನೆಗಳು ಯಾವ ಹೆಸರಿನಲ್ಲಿ ನಡೆದರೂ ಆ ಅವಕಾಶ ಉಳಿಯಬೇಕು. ಕೇರಳ ಸರ್ಕಾರ ಪಂಚಾಯಿತಿಗೊಂದು ಆಟದ ಮೈದಾನ ಎಂಬ ಯೋಜನೆಯನ್ನು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ. ನಮ್ಮಲ್ಲಿ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಮೈದಾನದ ನಿರ್ವಹಣೆಗೆ ಒಂದು ಸಣ್ಣ ಮೊತ್ತವನ್ನು ಕಡ್ಡಾಯಗೊಳಿಸಿದರೂ ಸಾಕು. ಮೈದಾನದ ಮೂಲೆಯಲ್ಲಿ ಒಮ್ಮೆ ನೆಟ್ಟು, ಮರುವರ್ಷ ತುಕ್ಕು ಹಿಡಿಯುವ ಕಬ್ಬಿಣದ ವ್ಯಾಯಾಮ ಸಲಕರಣೆಗಳಿಗಿಂತ, ಮುಳ್ಳು ತೆಗೆಯುವ ಕೂಲಿ, ಒಂದು ಚೆಂಡು, ಆಡಿಸುವವನ ಗೌರವಧನ ಇವು ಹೆಚ್ಚು ಬಾಳುವ ಹೂಡಿಕೆ.

ಕೊನೆಯದಾಗಿ ಪಟ್ಟಿ. ಸಂವಿಧಾನದ ಅನುಸೂಚಿ ತಿದ್ದಲು ಕಾಲ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಹನ್ನೊಂದನೇ ಅನುಸೂಚಿಯ 21ನೇ ಬಾಬು ಸಾಂಸ್ಕೃತಿಕ ಚಟುವಟಿಕೆ, 23ನೆಯದು ಆರೋಗ್ಯ, 29ನೆಯದು ಸಮುದಾಯ ಆಸ್ತಿಗಳ ನಿರ್ವಹಣೆ. ಕೋಲಾಟವನ್ನು ಮೊದಲನೆಯದರಲ್ಲಿ, ನಡಿಗೆಯನ್ನು ಎರಡನೆಯದರಲ್ಲಿ, ಬಯಲನ್ನು ಮೂರನೆಯದರಲ್ಲಿ ಸೇರಿಸಿಕೊಂಡು ಕೆಲಸ ಆರಂಭಿಸಲು ಮನಸ್ಸಿರುವ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಯಾವ ಅಡ್ಡಿಯೂ ಇಲ್ಲ. ಕಡತದ ಭಾಷೆ ಬಲ್ಲವನಿಗೆ ಅದರಿಂದಲೇ ಒಳ್ಳೆಯ ಕೆಲಸ ಮಾಡಿಸುವುದೂ ಗೊತ್ತಿರಬೇಕು. ನನಗೆ ಅದು ತಡವಾಗಿ ಗೊತ್ತಾಯಿತು.

ಹಬ್ಬ ಮುಗಿಸಿ ಹೊರಡುವ ದಿನ ಬೆಳಿಗ್ಗೆ ಸೊಸೆಯ ಜೊತೆ ನಾನೂ ಕೆರೆ ಏರಿಯವರೆಗೆ ನಡೆದೆ. ದಾರಿಯಲ್ಲಿ ಸಿಕ್ಕವರು ನನ್ನನ್ನು ಕಂಡು ‘ವಾಕಿಂಗಾ ಸಾರ್?’ ಎಂದು ಗೌರವದಿಂದ ಕೇಳಿದರು. ಅವಳನ್ನು ಯಾರೂ ಕೇಳಲಿಲ್ಲ, ಕೈಯಲ್ಲಿ ಕುಡುಗೋಲಿತ್ತು. ಅವಳು ಅದನ್ನು ಮನೆಯಲ್ಲಿಯೇ ಬಿಟ್ಟು ಹೊರಡುವ ದಿನ ಬಂದರೆ, ನಮ್ಮೂರು ಒಂದಿಷ್ಟು ಮುಂದುವರಿದಿದೆ ಎಂದು ನಾನು ನಂಬುತ್ತೇನೆ.